ವಾಲ್ವ್ ಆಂಪ್ಲಿಫೈಯರ್‌ನಲ್ಲಿ ಕಳೆದುಹೋದ ಖರ್ಜ

ಪ್ರಶ್ನೆ: ನಾನು ಧಾರವಾಡದವನು, ಡೊಂಬಿವಲಿಯಲ್ಲಿ ನೆಲೆಸಿದ್ದೇನೆ. ಮೂರು ವರ್ಷಗಳ ಹಿಂದೆ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಂದ ಬಿಡಿಭಾಗಗಳನ್ನು ತಂದು ಸ್ಟೀರಿಯೊ ವಾಲ್ವ್ ಆಂಪ್ಲಿಫೈಯರ್ ಕಟ್ಟಿದೆ. ಎರಡೂ ಚಾನೆಲ್‌ಗಳಿಗೆ ಸೇರಿ ಒಂದು ಇಸಿಸಿ83 (ಮೊದಲ ಹಂತದ ವಾಲ್ವ್), ಚಾನೆಲ್‌ಗೊಂದರಂತೆ ಎರಡು ಇಎಲ್84 (ಸ್ಪೀಕರ್ ನಡೆಸುವ ವಾಲ್ವ್), ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ವಾಲ್ವ್ ಇಝಡ್81. ಫೀಡ್‌ಬ್ಯಾಕ್ (ಔಟ್‌ಪುಟ್‌ನ ಒಂದಂಶವನ್ನು ಎದುರು ದಿಕ್ಕಿನಲ್ಲಿ ಇನ್‌ಪುಟ್‌ಗೆ ಮರಳಿಸುವ ಜೋಡಣೆ) ಇಲ್ಲ. ಮೂರು ಕೊರತೆಗಳು ಕಾಡುತ್ತಿವೆ. ಹಾಡು ನಿಂತಾಗ ಗುಂಯ್ ಎನ್ನುವ ಸದ್ದು ಕೇಳುತ್ತದೆ. ತಂಬೂರಿಯ ಖರ್ಜದ (ಮಂದ್ರ ಷಡ್ಜದ) ತಂತಿ ಇದೆಯೋ ಇಲ್ಲವೋ ಎನ್ನುವಷ್ಟು ಕ್ಷೀಣ. ಗಾಯಕರು ತಾರ ಷಡ್ಜಕ್ಕೆ ಹೋದಾಗ ದನಿ ಒರಟಾಗಿ ಕಿವಿಗೆ ಚುಚ್ಚುತ್ತದೆ. ವಿದೇಶಿ ಕೆಪಾಸಿಟರ್‌ಗಳನ್ನೂ ಹಳೆಯ ಯುರೋಪಿಯನ್ ವಾಲ್ವ್‌ಗಳನ್ನೂ ತರಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಫೀಡ್‌ಬ್ಯಾಕ್ ಹಾಕಿದರೆ ನಾದದ ಜೀವವೇ ಹೋಗುತ್ತದೆ ಎಂದೂ ಎಚ್ಚರಿಸುತ್ತಾರೆ. ನಾನು ಅಳೆದ ಅಂಕಿಗಳು ಹೀಗಿವೆ: ಮನೆಯ ವಿದ್ಯುತ್ 238 ವೋಲ್ಟ್ (ಟ್ರಾನ್ಸ್‌ಫಾರ್ಮರ್ ಸುತ್ತಿಸಿದ್ದು 220ಕ್ಕೆ), ಹೀಟರ್ 6.85 ವೋಲ್ಟ್, ಎಚ್‌ಟಿ (ವಾಲ್ವ್‌ಗಳಿಗೆ ಹೋಗುವ ಹೆಚ್ಚಿನ ಡಿಸಿ ವೋಲ್ಟೇಜ್) 285 ವೋಲ್ಟ್, ಇಎಲ್84 ಆನೋಡ್ (ಎಲೆಕ್ಟ್ರಾನ್ ಸೇರುವ ತಗಡು) 276 ವೋಲ್ಟ್, ಕ್ಯಾಥೋಡ್ (ಎಲೆಕ್ಟ್ರಾನ್ ಹೊಮ್ಮುವ ಕೊಳವೆ) 7.6 ವೋಲ್ಟ್. ಕ್ಯಾಥೋಡ್ ರೆಸಿಸ್ಟರ್ 130 ಓಮ್, ಅದರ ಪಕ್ಕದ ಕೆಪಾಸಿಟರ್ 25 ಮೈಕ್ರೊಫ್ಯಾರಡ್. ರೆಕ್ಟಿಫೈಯರ್ ಆದ ಕೂಡಲೇ 220 ಮೈಕ್ರೊಫ್ಯಾರಡ್, ಆಮೇಲೆ 150 ಓಮ್, ಆಮೇಲೆ 47 ಮೈಕ್ರೊಫ್ಯಾರಡ್. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ 5 ಕಿಲೊಓಮ್‌ನಿಂದ 8 ಓಮ್‌ಗೆ. ಎಲ್ಲಿಂದ ಶುರುಮಾಡಲಿ?

ಉತ್ತರ: ಪ್ರಶ್ನೆಯ ಜೊತೆಗೆ ಅಂಕಿಗಳನ್ನೂ ಕಳುಹಿಸಿದ್ದೀರಿ. ಅದರಿಂದ ಅರ್ಧ ಕೆಲಸ ಮುಗಿದಿದೆ. ನಿಮ್ಮ ಮೂರೂ ದೂರುಗಳ ಕಾರಣ ಈ ಅಂಕಿಗಳಲ್ಲೇ ಕುಳಿತಿದೆ. ವಿದೇಶಿ ಕೆಪಾಸಿಟರ್‌ನ ಹಣವನ್ನು ಸದ್ಯಕ್ಕೆ ಕಿಸೆಯಲ್ಲೇ ಇಟ್ಟುಕೊಳ್ಳಿ. ನೀವು ಬದಲಿಸಬೇಕಾದ ಬಿಡಿಭಾಗಗಳಲ್ಲಿ ಹೆಚ್ಚಿನವು ಲ್ಯಾಮಿಂಗ್ಟನ್ ರಸ್ತೆಯಲ್ಲಿ ಯಾವ ಅಂಗಡಿಯಲ್ಲಾದರೂ ಸಿಗುವ ಸಾಮಾನ್ಯ ರೆಸಿಸ್ಟರ್ ಮತ್ತು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು.

ಬೆಸುಗೆಯ ಕಡ್ಡಿ ಕೈಗೆತ್ತಿಕೊಳ್ಳುವ ಮುನ್ನ ಜೀವದ ಮಾತು. ನಿಮ್ಮ ಚಾಸಿಯೊಳಗಿನ 285 ವೋಲ್ಟ್ ಡಿಸಿ ಮನುಷ್ಯನನ್ನು ಕೊಲ್ಲಬಲ್ಲದು. ಮನೆಯಲ್ಲಿ ಆರ್‌ಸಿಸಿಬಿ (ವಿದ್ಯುತ್ ನೆಲಕ್ಕೆ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇದೆ, ಅದು ಕಾಯುತ್ತದೆ ಎಂದು ಅನೇಕರು ಧೈರ್ಯ ತಂದುಕೊಳ್ಳುತ್ತಾರೆ. ಅದು ಕಾಯುವುದಿಲ್ಲ. ಟ್ರಾನ್ಸ್‌ಫಾರ್ಮರ್‌ನ ಎರಡನೆಯ ಸುತ್ತು ಮನೆಯ ಲೈನಿನಿಂದ ಬೇರ್ಪಟ್ಟಿರುವುದರಿಂದ, ಎಚ್‌ಟಿಗೂ ಚಾಸಿಗೂ ನಡುವೆ ನಿಮ್ಮ ಮೈಯೊಳಗೆ ಹರಿಯುವ ವಿದ್ಯುತ್ ಆರ್‌ಸಿಸಿಬಿಗೆ ಕಾಣಿಸುವುದೇ ಇಲ್ಲ. ಆದ್ದರಿಂದ ಕೊನೆಯ ಎಚ್‌ಟಿ ಕೆಪಾಸಿಟರ್‌ಗೆ ಅಡ್ಡಲಾಗಿ 220 ಕಿಲೊಓಮ್, 2 ವ್ಯಾಟ್ ರೆಸಿಸ್ಟರ್ ಒಂದನ್ನು ಕಾಯಂ ಆಗಿ ಬೆಸೆದುಬಿಡಿ. ಪ್ಲಗ್ ಕಿತ್ತ ಮೇಲೆ ಮೂರು ನಿಮಿಷ ಕಾಯಿರಿ. ಮೀಟರ್ ಹಚ್ಚಿ 10 ವೋಲ್ಟ್‌ಗಿಂತ ಕೆಳಗಿಳಿದಿದೆ ಎಂದು ಕಣ್ಣಾರೆ ನೋಡಿ ಆಮೇಲೆ ಕೈ ಹಾಕಿ. ಚಾಲೂ ಇರುವಾಗ ಅಳೆಯಬೇಕಾದರೆ ಮೀಟರ್‌ನ ಕಪ್ಪು ತಂತಿಯನ್ನು ಮೊದಲೇ ಕ್ಲಿಪ್ ಹಾಕಿ ಚಾಸಿಗೆ ಕಚ್ಚಿಸಿ, ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಬಲಗೈಯೊಂದರಿಂದಲೇ ಅಳೆಯಿರಿ. ಚಾಸಿಗೆ ಮೂರು ಪಿನ್ನಿನ ಅರ್ಥ್ ಬಂದಿರಲೇಬೇಕು. ಮುಂಬಯಿಯ ಹಳೆಯ ಕಟ್ಟಡಗಳಲ್ಲಿ ಮೂರನೆಯ ತೂತು ಇರುತ್ತದೆ, ಅದರ ಹಿಂದೆ ತಂತಿ ಇರುವುದಿಲ್ಲ. ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಪರೀಕ್ಷಿಸಿ. ಇನ್ನೊಂದು ಎಚ್ಚರ: ಸ್ಪೀಕರ್ ಜೋಡಿಸದೆ ಈ ಆಂಪ್ಲಿಫೈಯರ್‌ಗೆ ಹಾಡು ಕೊಡಬೇಡಿ. ಹೊರೆ ಇಲ್ಲದ ಪೆಂಟೋಡ್ (ಇಎಲ್84ರಂಥ ಐದು ಅಂಗಗಳ ವಾಲ್ವ್) ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ಸಾವಿರ ವೋಲ್ಟ್ ಮೀರಿದ ಏಟುಗಳನ್ನು ಎಬ್ಬಿಸಿ ಅದರ ನಿರೋಧಕವನ್ನೇ ಸುಡಬಲ್ಲದು.

ಈಗ ಇಎಲ್84ರ ಲೆಕ್ಕ ನೋಡೋಣ. ಕ್ಯಾಥೋಡ್‌ನಲ್ಲಿ 7.6 ವೋಲ್ಟ್, ರೆಸಿಸ್ಟರ್ 130 ಓಮ್. ಭಾಗಿಸಿದರೆ 58 ಮಿಲಿಆಂಪಿಯರ್. ಅದರಲ್ಲಿ ಸುಮಾರು 6 ವಾಲ್ವ್‌ನೊಳಗಿನ ಎರಡನೆಯ ಜಾಲರಿಯಾದ ಸ್ಕ್ರೀನ್ ಗ್ರಿಡ್‌ನ ಪಾಲು, ಉಳಿದ 52 ಆನೋಡ್‌ನದು. ಆನೋಡ್‌ಗೂ ಕ್ಯಾಥೋಡ್‌ಗೂ ನಡುವಿನ ವೋಲ್ಟೇಜ್ 268. ಗುಣಿಸಿದರೆ 14 ವ್ಯಾಟ್. ಈ ವಾಲ್ವ್‌ನ ಆನೋಡ್ ತಾಳಿಕೊಳ್ಳಬಲ್ಲ ಗರಿಷ್ಠ ಮಿತಿ 12 ವ್ಯಾಟ್. ಮೂರು ವರ್ಷಗಳಿಂದ ನಿಮ್ಮ ವಾಲ್ವ್‌ಗಳು ಹಾಡು ಇರಲಿ ಇಲ್ಲದಿರಲಿ, ಮಿತಿ ಮೀರಿ ಬೇಯುತ್ತಿವೆ. ಕತ್ತಲೆ ಕೋಣೆಯಲ್ಲಿ ದೀಪ ಆರಿಸಿ ನೋಡಿ. ಆನೋಡ್‌ನ ಬೂದು ತಗಡಿನ ಮೇಲೆ ಮಂದ ಕೆಂಪು ಕಾಣಿಸಿದರೆ ತಕ್ಷಣ ನಿಲ್ಲಿಸಿ. ಹೀಟರ್‌ನ ಕೆಂಪಲ್ಲ ನಾನು ಹೇಳುತ್ತಿರುವುದು, ಅದು ಒಳಗಿನ ನಡುಕೊಳವೆಯಲ್ಲಿ ಇರಬೇಕಾದದ್ದೇ.

ಇದು ನಿಮ್ಮ ತಪ್ಪಲ್ಲ. ಇಎಲ್84ರ ಮಾಹಿತಿ ಹಾಳೆಯಲ್ಲಿ 135 ಓಮ್ ಎಂದೇ ಇರುತ್ತದೆ, ಆದರೆ ಅದು 250 ವೋಲ್ಟ್‌ನ ಲೆಕ್ಕ. ನಕ್ಷೆಯಿಂದ ರೆಸಿಸ್ಟರ್ ನಮ್ಮ ಮನೆಗೆ ಬಂದಿತು, ವೋಲ್ಟೇಜ್ ಮಾತ್ರ ನಮ್ಮ ಲೈನಿನದೇ ಉಳಿಯಿತು. 130 ಓಮ್ ತೆಗೆದು 220 ಓಮ್, 5 ವ್ಯಾಟ್ ಹಾಕಿ. ಕ್ಯಾಥೋಡ್‌ನಲ್ಲಿ 9 ವೋಲ್ಟ್‌ಗಿಂತ ತುಸು ಹೆಚ್ಚು ಬರಬೇಕು, ಆನೋಡ್‌ನ ಬೇಗೆ 10.5 ವ್ಯಾಟ್ ಆಸುಪಾಸಿಗೆ ಇಳಿಯಬೇಕು. ಅಳೆದು ನಾನು ಮೇಲೆ ಮಾಡಿದಂತೆಯೇ ಲೆಕ್ಕ ಮಾಡಿ ನೋಡಿ. ವಾಲ್ವ್‌ನಿಂದ ವಾಲ್ವ್‌ಗೆ ವ್ಯತ್ಯಾಸ ಇದ್ದೇ ಇರುತ್ತದೆ, ಹಾಗಾಗಿ ಎರಡೂ ಚಾನೆಲ್‌ಗಳನ್ನು ಬೇರೆ ಬೇರೆಯಾಗಿ ಅಳೆಯಬೇಕು.

ಹೀಟರ್‌ನದೂ ಇದೇ ಕತೆ. 6.3 ವೋಲ್ಟ್ ಇರಬೇಕು. ಶೇ 5ರಷ್ಟು ಹೆಚ್ಚುಕಡಿಮೆಯಾದರೆ ಚಿಂತೆಯಿಲ್ಲ. 6.85 ಅದನ್ನು ಮೀರಿದೆ, ಕ್ಯಾಥೋಡ್‌ನ ಲೇಪ ಬೇಗ ಸವೆಯುತ್ತದೆ. ನಾಲ್ಕೂ ವಾಲ್ವ್‌ಗಳು ಒಂದೇ ಸುತ್ತಿನಿಂದ ನಡೆಯುತ್ತಿದ್ದರೆ ಒಟ್ಟು ಎಳೆತ 2.8 ಆಂಪಿಯರ್: ಇಎಲ್84 ತಲಾ 0.76, ಇಸಿಸಿ83 0.3, ಇಝಡ್81 1. ಎರಡು ತಂತಿಗಳಲ್ಲೂ ಒಂದೊಂದು 0.1 ಓಮ್, 5 ವ್ಯಾಟ್ ರೆಸಿಸ್ಟರ್ ಸೇರಿಸಿದರೆ ಅರ್ಧ ವೋಲ್ಟ್‌ಗಿಂತ ತುಸು ಹೆಚ್ಚು ಇಳಿದು 6.3ಕ್ಕೆ ಬಂದು ನಿಲ್ಲುತ್ತದೆ. ಒಂದೇ ತಂತಿಯಲ್ಲಿ 0.2 ಓಮ್ ಹಾಕಬೇಡಿ, ಹೀಟರ್‌ನ ಸಮತೋಲ ಕೆಟ್ಟು ಗುಂಯ್‌ಗುಡುವಿಕೆ ಹೆಚ್ಚುತ್ತದೆ.

ಇನ್ನು ಖರ್ಜ. ನಿಮ್ಮ ಪತ್ರದಲ್ಲಿ ನನಗೆ ತುಂಬ ಇಷ್ಟವಾದ ಸಾಲು ಅದು. ಧಾರವಾಡದ ಕಿವಿಗೆ ತಂಬೂರಿ ಹಿನ್ನೆಲೆಯ ವಸ್ತುವಲ್ಲ. ಮಲ್ಲಿಕಾರ್ಜುನ ಮನಸೂರರ ಧ್ವನಿಮುದ್ರಿಕೆಯಾಗಲಿ, ಭೀಮಸೇನ ಜೋಶಿಯವರದಾಗಲಿ, ತಂಬೂರಿ ಸರಿಯಾಗಿ ಕೇಳದಿದ್ದರೆ ಗಾಯಕ ಗಾಳಿಯಲ್ಲಿ ನೇತಾಡಿದಂತಾಗುತ್ತದೆ. ಗಂಡು ಗಾಯಕರು ಕಪ್ಪು ಒಂದಕ್ಕೆ (ಹಾರ್ಮೋನಿಯಂನ ಮೊದಲ ಕಪ್ಪು ಮನೆಗೆ) ಶ್ರುತಿ ಇಟ್ಟುಕೊಂಡರೆ ಮಧ್ಯ ಷಡ್ಜ ಸುಮಾರು 139 ಹರ್ಟ್ಸ್, ಖರ್ಜ ಅದರ ಅರ್ಧ, 69 ಹರ್ಟ್ಸ್. ಈಗ ನಿಮ್ಮ 25 ಮೈಕ್ರೊಫ್ಯಾರಡ್‌ನ ಕಡೆ ನೋಡಿ. ಆ ಕೆಪಾಸಿಟರ್‌ನ ಕೆಲಸ ಕ್ಯಾಥೋಡ್‌ಗೆ ಬಂದ ಹಾಡಿನ ಅಲೆಯನ್ನು ನೆಲಕ್ಕೆ ಹರಿಸಿಬಿಡುವುದು. ಅದು ಚಿಕ್ಕದಾದರೆ ಮಂದ್ರದ ಅಲೆ ಹರಿಯದೆ ಕ್ಯಾಥೋಡ್‌ನಲ್ಲೇ ನಿಂತು, ಹಾಡು ಒಳಬರುವ ಗ್ರಿಡ್‌ಗೆ ಎದುರಾಗಿ ಕೆಲಸ ಮಾಡಿ, ಆ ಸ್ವರಗಳ ಬಲವನ್ನು ತಗ್ಗಿಸುತ್ತದೆ. 130 ಓಮ್ ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ 25 ಮೈಕ್ರೊಫ್ಯಾರಡ್ ಸಾಕೆನಿಸುತ್ತದೆ. ಆದರೆ ಇಎಲ್84ರ ಕ್ಯಾಥೋಡ್ ಒಳಗಿನಿಂದ ನೋಡಿದರೆ ತಾನೇ 80 ಓಮ್‌ನಷ್ಟು. ಎರಡೂ ಸೇರಿ 50 ಓಮ್ ಆಗುತ್ತದೆ. ಹಾಗಾಗಿ ಇಳಿತ 130 ಹರ್ಟ್ಸ್ ಸುತ್ತಲೇ ಆರಂಭವಾಗುತ್ತದೆ. ಖರ್ಜದ ಹತ್ತಿರ ಬರುವಾಗ ನಾಲ್ಕರಿಂದ ಐದು ಡೆಸಿಬಲ್ ಮಾಯ. ಇದು ಹೊಸ ಕೆಪಾಸಿಟರ್‌ನ ಲೆಕ್ಕ. ಬಿಸಿ ವಾಲ್ವ್‌ನ ಪಕ್ಕದಲ್ಲಿ ಮೂರು ವರ್ಷ ಒಣಗಿದ್ದು ಇನ್ನೂ ಕೆಳಗಿರುತ್ತದೆ. ಅದರ ಜಾಗದಲ್ಲಿ 470 ಮೈಕ್ರೊಫ್ಯಾರಡ್, 25 ವೋಲ್ಟ್‌ನದು ಹಾಕಿ. 105 ಡಿಗ್ರಿ ಎಂದು ಬರೆದಿರುವುದನ್ನೇ ಕೇಳಿ ಪಡೆಯಿರಿ, ವಾಲ್ವ್‌ನಿಂದ ಎರಡು ಬೆರಳು ದೂರ ಇಡಿ. ಇದೊಂದೇ ಬದಲಾವಣೆ ಮಾಡಿ ಅಂದು ರಾತ್ರಿ ತಂಬೂರಿ ಕೇಳಿ ನೋಡಿ.

ಗ್ರಿಡ್‌ಗೆ ಹೋಗುವ ಜೋಡಣೆಯ ಕೆಪಾಸಿಟರ್ ಬಗ್ಗೆ ಗೆಳೆಯರು ಇಷ್ಟು ಹೇಳಿದ್ದಾರಾದ್ದರಿಂದ ಅದನ್ನೂ ಮುಗಿಸಿಬಿಡುತ್ತೇನೆ. ಅದು 0.047 ಮೈಕ್ರೊಫ್ಯಾರಡ್, 630 ವೋಲ್ಟ್, ಪಾಲಿಪ್ರೊಪಿಲೀನ್ ಆಗಿದ್ದರೆ ಸಾಕು. 470 ಕಿಲೊಓಮ್ ಗ್ರಿಡ್ ರೆಸಿಸ್ಟರ್ ಜೊತೆ ಅದು 7 ಹರ್ಟ್ಸ್‌ವರೆಗೆ ಇಳಿಯುತ್ತದೆ, ಖರ್ಜಕ್ಕಿಂತ ಎಷ್ಟೋ ಕೆಳಗೆ. ಅದರಲ್ಲಿ ನೋಡಬೇಕಾದದ್ದು ಸೋರಿಕೆ. ಇಎಲ್84ರ ಎರಡನೆಯ ಪಿನ್ನಿನಲ್ಲಿ ಡಿಸಿ ಅಳೆಯಿರಿ, ಸೊನ್ನೆ ಇರಬೇಕು. ಒಂದು ಮೈಕ್ರೊಆಂಪಿಯರ್ ಸೋರಿದರೂ 470 ಕಿಲೊಓಮ್‌ನಲ್ಲಿ ಅರ್ಧ ವೋಲ್ಟ್ ಹತ್ತಿರ ಎದ್ದು ಬಯಸ್ (ಹಾಡಿಲ್ಲದಾಗ ವಾಲ್ವ್‌ನ ಹರಿವನ್ನು ನಿಗದಿಮಾಡುವ ವೋಲ್ಟೇಜ್) ಕೆಡುತ್ತದೆ. ಧನ ವೋಲ್ಟೇಜ್ ಕಂಡರೆ ಇಎಲ್84 ಕಿತ್ತು ಮತ್ತೆ ಅಳೆಯಿರಿ. ಆಗಲೂ ಉಳಿದಿದ್ದರೆ ದೋಷ ಕೆಪಾಸಿಟರ್‌ನದು, ಹೋಗಿಬಿಟ್ಟರೆ ವಾಲ್ವ್‌ನದು. 14 ವ್ಯಾಟ್‌ನಲ್ಲಿ ಬೆಂದ ವಾಲ್ವ್‌ಗಳಲ್ಲಿ ಎರಡನೆಯದು ಆಗಿರುವ ಸಾಧ್ಯತೆ ಚೆನ್ನಾಗಿಯೇ ಇದೆ.

ಗುಂಯ್ ಸದ್ದಿಗೆ ಬರೋಣ. ಮೊದಲು ಅದರ ಮೂಲ ತಿಳಿಯಬೇಕು. ಆಂಪ್ಲಿಫೈಯರ್ ಆರಿಸಿ ಇಸಿಸಿ83 ಕಿತ್ತು ಮತ್ತೆ ಹಚ್ಚಿ. ಗುಂಯ್ ಹಾಗೇ ಉಳಿದರೆ ಅದು ವಿದ್ಯುತ್ ಪೂರೈಕೆಯ ಅಲೆ, 100 ಹರ್ಟ್ಸ್‌ನದು, ತುಸು ಗರಗರ ಬೆರೆತಿರುತ್ತದೆ. ನಿಂತುಹೋದರೆ ಅದು ಹೀಟರ್ ಅಥವಾ ನೆಲದ ಜೋಡಣೆಯದು, 50 ಹರ್ಟ್ಸ್‌ನ ನುಣುಪು ಗುಂಯ್. ನಿಮ್ಮ ನಕ್ಷೆ ನೋಡಿದರೆ ಮೊದಲನೆಯದು ಇದ್ದೇ ಇರುತ್ತದೆ ಎಂದು ಧೈರ್ಯವಾಗಿ ಹೇಳಬಲ್ಲೆ.

ಅದಕ್ಕಿಂತ ಮುಖ್ಯವಾದ ವಿಷಯ ಆ 220 ಮೈಕ್ರೊಫ್ಯಾರಡ್. ಇಝಡ್81ರ ಮುಂದೆ ನೇರವಾಗಿ ಇಡಬಹುದಾದ ಗರಿಷ್ಠ ಬೆಲೆ 50 ಮೈಕ್ರೊಫ್ಯಾರಡ್. ನಾಲ್ಕು ಪಟ್ಟು ಇಟ್ಟರೆ ಪ್ರತಿ ಅಲೆಯ ನೆತ್ತಿಯಲ್ಲೂ ಕೆಪಾಸಿಟರ್ ದೊಡ್ಡ ಗುಟುಕನ್ನು ಎಳೆಯುತ್ತದೆ. ಆ ಏಟನ್ನು ರೆಕ್ಟಿಫೈಯರ್‌ನ ಕ್ಯಾಥೋಡ್ ಬಹುಕಾಲ ತಾಳುವುದಿಲ್ಲ. ಒಂದು ದಿನ ಒಳಗೆ ಕಿಡಿ ಹಾರಿ ಟ್ರಾನ್ಸ್‌ಫಾರ್ಮರ್ ಜೊತೆಗೆ ಹೋಗಬಹುದು. ದೊಡ್ಡ ಕೆಪಾಸಿಟರ್ ಬೇಕೆನಿಸಿದರೆ ಅದರ ಜಾಗ ಫಿಲ್ಟರ್‌ನ ಆಚೆಗೆ. ನಿಮ್ಮಲ್ಲಿರುವ 47 ಮೈಕ್ರೊಫ್ಯಾರಡ್ ಅನ್ನು ಮುಂದಕ್ಕೆ ತನ್ನಿ, 150 ಓಮ್ ಕಿತ್ತುಹಾಕಿ ಅಲ್ಲಿ ಚೋಕ್ ಇಡಿ, ಅದರಾಚೆ 100 ಮೈಕ್ರೊಫ್ಯಾರಡ್, 450 ವೋಲ್ಟ್ ಹಾಕಿ. ರೆಸಿಸ್ಟರ್‌ನಿಂದಲೇ ಸಾಧಿಸುತ್ತೇನೆಂದು ಅದನ್ನು 1 ಕಿಲೊಓಮ್‌ಗೆ ಏರಿಸಿದರೆ ಎರಡು ಇಎಲ್84ಗಳ ಎಳೆತಕ್ಕೆ ಸುಮಾರು ನೂರು ವೋಲ್ಟ್ ಅಲ್ಲೇ ಬಿದ್ದುಹೋಗುತ್ತದೆ. ಚೋಕ್ ಮಾತ್ರ ಡಿಸಿಗೆ ದಾರಿ ಬಿಟ್ಟು ಅಲೆಗೆ ಅಡ್ಡ ನಿಲ್ಲುತ್ತದೆ.

10 ಹೆನ್ರಿ, 120 ಮಿಲಿಆಂಪಿಯರ್‌ನ ಚೋಕ್ ಅನ್ನು ಟ್ರಾನ್ಸ್‌ಫಾರ್ಮರ್ ಸುತ್ತುವವರಿಂದ ಮಾಡಿಸಿಕೊಂಡರೆ ಉತ್ತಮ. ಅದು ಸಿಗುವವರೆಗೆ ಒಂದು ಹಳೆಯ ಉಪಾಯವಿದೆ: 40 ವ್ಯಾಟ್ ಟ್ಯೂಬ್‌ಲೈಟ್‌ನ ತಾಮ್ರದ ಚೋಕ್. ಎಲೆಕ್ಟ್ರಾನಿಕ್ ಚೋಕ್ ಅಲ್ಲ, ಕೈಯಲ್ಲಿ ಹಿಡಿದರೆ ಭಾರವೆನಿಸುವ ಹಳೆಯದು. ಎಲ್‌ಇಡಿ ಬಂದ ಮೇಲೆ ಗುಜರಿಯಲ್ಲಿ ರಾಶಿ ಬಿದ್ದಿರುತ್ತವೆ. ಒಂದೊಂದು ಒಂದು ಹೆನ್ರಿಗಿಂತ ತುಸು ಹೆಚ್ಚು, 0.4 ಆಂಪಿಯರ್ ತಾಳುತ್ತದೆ. ಎರಡನ್ನು ಸರಣಿಯಲ್ಲಿ ಜೋಡಿಸಿ 100 ಮೈಕ್ರೊಫ್ಯಾರಡ್ ಜೊತೆ ಇಟ್ಟರೆ 100 ಹರ್ಟ್ಸ್ ಅಲೆ ಸುಮಾರು ತೊಂಬತ್ತರಲ್ಲಿ ಒಂದಂಶಕ್ಕೆ ಇಳಿಯುತ್ತದೆ. ನಿಮ್ಮ 150 ಓಮ್ ಮತ್ತು 47 ಮೈಕ್ರೊಫ್ಯಾರಡ್ ಅದನ್ನು ನಾಲ್ಕೂವರೆಯಲ್ಲಿ ಒಂದಂಶಕ್ಕೆ ಮಾತ್ರ ಇಳಿಸುತ್ತಿದ್ದವು. ಮುಂದಿನ ಕೆಪಾಸಿಟರ್ ಚಿಕ್ಕದಾದ್ದರಿಂದ ಅಲೆ ಅಲ್ಲಿ ಹೆಚ್ಚುತ್ತದೆ, ನಿಜ. ಅದನ್ನು ಕಳೆದರೂ ಸ್ಪೀಕರ್‌ಗೆ ತಲುಪುವುದು ಈಗಿನ ಕಾಲುಭಾಗ. ಚೋಕ್‌ಗಳ ಲೋಹದ ಹೊದಿಕೆಗೆ ಅರ್ಥ್ ಕೊಡಿ. ಅವುಗಳ ಸುತ್ತ ಕಾಂತಕ್ಷೇತ್ರ ಹರಡಿರುತ್ತದೆ, ಆದ್ದರಿಂದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗಳಿಂದ ದೂರ, ಅವಕ್ಕೆ ಅಡ್ಡಲಾಗಿ ತಿರುಗಿಸಿ ಕೂರಿಸಿ. ಬೋಲ್ಟ್ ಬಿಗಿಯುವ ಮುನ್ನ ಸ್ಥಾನವನ್ನು ಬದಲಿಸಿ ಬದಲಿಸಿ, ಪ್ರತಿ ಸಲವೂ ಆರಿಸಿ ಹಚ್ಚಿ, ಗುಂಯ್ ಕನಿಷ್ಠವಿರುವ ಕಡೆ ನಿಲ್ಲಿಸಿ.

50 ಹರ್ಟ್ಸ್ ಗುಂಯ್ ಉಳಿದರೆ ಹೀಟರ್ ತಂತಿಗಳನ್ನು ಜಡೆಯಂತೆ ಬಿಗಿಯಾಗಿ ಹೆಣೆದು ಚಾಸಿಯ ಮೂಲೆಗೆ ಒತ್ತಿ ಒಯ್ಯಿರಿ. ಸುತ್ತಿನ ನಡುವಿನ ತಂತಿಗೆ ನೆಲ ಸಿಕ್ಕಿದೆಯೇ ನೋಡಿ. ನಡುವಿನ ತಂತಿ ಇಲ್ಲದಿದ್ದರೆ ಎರಡೂ ಬದಿಯಿಂದ 100 ಓಮ್ ರೆಸಿಸ್ಟರ್ ತಂದು ಸೇರಿಸಿ ನೆಲಕ್ಕೆ ಕೊಡಿ. ಇನ್‌ಪುಟ್ ಸಾಕೆಟ್‌ಗಳು ಚಾಸಿಗೆ ತಾಗದಂತೆ ಪ್ಲಾಸ್ಟಿಕ್ ಬಿಲ್ಲೆ ಹಾಕಿ, ನೆಲವನ್ನು ಒಂದೇ ಬಿಂದುವಿನಲ್ಲಿ ಕೂಡಿಸಿ.

ಈಗ ತಾರ ಷಡ್ಜ. ಇಲ್ಲಿ ನಿಮ್ಮ ಗೆಳೆಯರೊಂದಿಗೆ ನನ್ನ ಜಗಳವಿದೆ. ಪೆಂಟೋಡ್ ವಾಲ್ವ್‌ನ ಒಳಗಿನ ರೋಧ ಬಹಳ ಹೆಚ್ಚು. ಇಎಲ್84ರದ್ದು 38 ಕಿಲೊಓಮ್ ಆಸುಪಾಸು. ನಿಮ್ಮ ಟ್ರಾನ್ಸ್‌ಫಾರ್ಮರ್ ಅದನ್ನು 625ರಿಂದ ಭಾಗಿಸಿ ಸ್ಪೀಕರ್‌ಗೆ ತೋರಿಸುತ್ತದೆ: 60 ಓಮ್. ಅಂದರೆ 8 ಓಮ್‌ನ ಸ್ಪೀಕರ್ ಅನ್ನು 60 ಓಮ್‌ನ ಕೈ ಹಿಡಿದಿದೆ. ಆ ಹಿಡಿತ ಸಡಿಲ. ಸ್ಪೀಕರ್‌ನ 8 ಓಮ್ ಎನ್ನುವುದು ಹೆಸರಿಗೆ ಮಾತ್ರ. ಅದರ ಅನುರಣನದಲ್ಲಿ, ಮತ್ತೆ ವೂಫರ್‌ನಿಂದ ಟ್ವೀಟರ್‌ಗೆ ದಾಟುವ ಎರಡು ಮೂರು ಕಿಲೊಹರ್ಟ್ಸ್ ಬಳಿ, ಅದು ಇಪ್ಪತ್ತು, ಮೂವತ್ತು ಓಮ್‌ಗೂ ಏರಬಹುದು. ಹಿಡಿತವಿಲ್ಲದ ಆಂಪ್ಲಿಫೈಯರ್ ಆ ಏರಿದ ಜಾಗಗಳಲ್ಲೆಲ್ಲ ಹೆಚ್ಚು ವೋಲ್ಟೇಜ್ ಕೊಟ್ಟುಬಿಡುತ್ತದೆ. ತಾರಕ್ಕೆ ಏರಿದ ದನಿಯ ಮೇಲುಸ್ವರಗಳು ಕೂರುವುದು ಸರಿಯಾಗಿ ಅಲ್ಲಿಯೇ. ನಿಮಗೆ ಚುಚ್ಚುತ್ತಿರುವುದು ಇದು. ಯಾವ ದೇಶದ ಕೆಪಾಸಿಟರ್ ತಂದರೂ ಈ 60 ಓಮ್ ಕರಗುವುದಿಲ್ಲ.

ಫೀಡ್‌ಬ್ಯಾಕ್ ಜೀವ ತೆಗೆಯುತ್ತದೆ ಎನ್ನುವ ಮಾತು, ಒಳರೋಧವೇ ಕಡಿಮೆಯಿರುವ ಟ್ರಯೋಡ್ (ಮೂರು ಅಂಗಗಳ ವಾಲ್ವ್) ಆಂಪ್ಲಿಫೈಯರ್‌ಗಳಿಂದ ಹುಟ್ಟಿದ್ದು. ಅಲ್ಲಿ ಅದಕ್ಕೆ ಅರ್ಥವಿರಬಹುದು. ಪೆಂಟೋಡ್‌ಗೆ ಅದನ್ನು ಎರವಲು ತರುವುದು ತಪ್ಪು. ಹೆರಾಲ್ಡ್ ಬ್ಲ್ಯಾಕ್ ಎಂಬ ಎಂಜಿನಿಯರ್‌ಗೆ 1927ರಲ್ಲಿ, ನ್ಯೂಯಾರ್ಕ್ ಬಳಿ ದೋಣಿಯಲ್ಲಿ ಕೆಲಸಕ್ಕೆ ಹೋಗುವಾಗ ಈ ಉಪಾಯ ಹೊಳೆದು, ಕೈಯಲ್ಲಿದ್ದ ಪತ್ರಿಕೆಯ ಹಾಳೆಯ ಮೇಲೇ ಬರೆದಿಟ್ಟರು. ದೂರವಾಣಿಯ ಆಂಪ್ಲಿಫೈಯರ್‌ಗಳ ಅಪಸ್ವರ ಕಳೆಯಲು ಹುಟ್ಟಿದ ಅದು 1947ರಲ್ಲಿ ಬಂದ ವಿಲಿಯಮ್‌ಸನ್ ಎಂಬವರ ಆಂಪ್ಲಿಫೈಯರ್ ನಕ್ಷೆಯ ಹೊತ್ತಿಗೆ ಮನೆಯ ಸಂಗೀತದ ಬೆನ್ನೆಲುಬಾಗಿತ್ತು. ಇಎಲ್84 ಇಟ್ಟು ಬ್ರಿಟನ್ನಿನ ವಾಲ್ವ್ ತಯಾರಕರಾದ ಮುಲ್ಲಾರ್ಡ್ ಕಂಪನಿ ಪ್ರಕಟಿಸಿದ ಪ್ರಸಿದ್ಧ ನಕ್ಷೆಗಳಲ್ಲೂ ಫೀಡ್‌ಬ್ಯಾಕ್ ಇದೆ.

ನಿಮ್ಮಲ್ಲಿ ಅದಕ್ಕೆ ಬೇಕಾದ ಬಂಡವಾಳವೂ ಇದೆ. ಇಎಲ್84 ಪೂರ್ತಿ ದನಿಗೆ ಕೇಳುವುದು ನಾಲ್ಕು ವೋಲ್ಟ್ ಚಿಲ್ಲರೆ. ಇಸಿಸಿ83ರ ಅರ್ಧಭಾಗ ಸುಮಾರು 60 ಪಟ್ಟು ಹಿಗ್ಗಿಸುತ್ತದೆ. ಹಾಗಾಗಿ 70 ಮಿಲಿವೋಲ್ಟ್ ಕೊಟ್ಟರೆ ಆಂಪ್ಲಿಫೈಯರ್ ಪೂರ್ತಿ ಕೂಗುತ್ತದೆ. ಸಿಡಿ ಪ್ಲೇಯರ್ ಕೊಡುವುದು 2 ವೋಲ್ಟ್. ವಾಲ್ಯೂಮ್ ಗುಂಡಿ ಕಾಲು ಸುತ್ತು ತಿರುಗುವಷ್ಟರಲ್ಲೇ ಜೋರಾಗುತ್ತದೆಯಲ್ಲವೇ? ಆ ಮೊದಲ ಕಾಲು ಸುತ್ತಿನಲ್ಲೇ ಜೋಡಿ ಪೊಟೆನ್ಷಿಯೊಮೀಟರ್‌ಗಳ ಎಡಬಲ ಹೊಂದಾಣಿಕೆ ತೀರ ಕೆಟ್ಟದಾಗಿರುವುದು. ಈ ಹೆಚ್ಚುವರಿ ಹಿಗ್ಗನ್ನು ಫೀಡ್‌ಬ್ಯಾಕ್‌ಗೆ ಕೊಟ್ಟರೆ ಎರಡೂ ಕೆಲಸ ಆಗುತ್ತದೆ.

ಹೀಗೆ ಮಾಡಿ. ಇಸಿಸಿ83ರ ಕ್ಯಾಥೋಡ್‌ನಲ್ಲಿರುವ 1.5 ಕಿಲೊಓಮ್ ರೆಸಿಸ್ಟರ್ ಮತ್ತು ಅದರ ಕೆಪಾಸಿಟರ್‌ನ ನೆಲದ ತುದಿಗಳನ್ನು ಬಿಡಿಸಿ, ನೆಲಕ್ಕೂ ಅವಕ್ಕೂ ನಡುವೆ 100 ಓಮ್ ಒಂದನ್ನು ಸೇರಿಸಿ. ಆ ಸಂಧಿಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ 8 ಓಮ್ ತುದಿಯಿಂದ ಒಂದು ರೆಸಿಸ್ಟರ್ ತನ್ನಿ. ಟ್ರಾನ್ಸ್‌ಫಾರ್ಮರ್‌ನ ಇನ್ನೊಂದು ತುದಿ ನೆಲಕ್ಕೆ ಸೇರಿರಬೇಕು. ಮೊದಲ ಸಲ ಆ ರೆಸಿಸ್ಟರ್ 22 ಕಿಲೊಓಮ್ ಇರಲಿ, ಒಳ್ಳೆಯ ಸ್ಪೀಕರ್ ಬದಲು ಹಳೆಯದೊಂದನ್ನು ಹಚ್ಚಿ. ರೆಸಿಸ್ಟರ್ ಸೇರಿಸಿದಾಗ ದನಿ ತುಸು ತಗ್ಗಿದರೆ ದಿಕ್ಕು ಸರಿಯಿದೆ. ಏರಿದರೆ ದಿಕ್ಕು ತಿರುಗಿದೆ, ಟ್ರಾನ್ಸ್‌ಫಾರ್ಮರ್‌ನ ಸ್ಪೀಕರ್ ಬದಿಯ ಎರಡು ತಂತಿಗಳನ್ನು ಅದಲು ಬದಲು ಮಾಡಿ. ಮೊದಲೇ 2.7 ಕಿಲೊಓಮ್ ಹಾಕಿ ದಿಕ್ಕು ತಪ್ಪಿದ್ದರೆ ಆಂಪ್ಲಿಫೈಯರ್ ಕಿರುಚುತ್ತದೆ, ಟ್ವೀಟರ್ ಹೋಗುತ್ತದೆ. ಅದಕ್ಕೇ ಈ ಎಚ್ಚರ. ದಿಕ್ಕು ಖಚಿತವಾದ ಮೇಲೆ 22 ತೆಗೆದು 2.7 ಕಿಲೊಓಮ್ ಹಾಕಿ. ಇದು ಸುಮಾರು 12 ಡೆಸಿಬಲ್ ಫೀಡ್‌ಬ್ಯಾಕ್. ಪೂರ್ತಿ ದನಿಗೆ ಈಗ ಮುನ್ನೂರು ಮಿಲಿವೋಲ್ಟ್ ಹತ್ತಿರ ಬೇಕಾಗುತ್ತದೆ, ಫೋನ್ ಕೂಡ ಅಷ್ಟು ಕೊಡಬಲ್ಲದು. ಸ್ಪೀಕರ್‌ಗೆ ಕಾಣುವ 60 ಓಮ್ ಎರಡು ಮೂರು ಓಮ್‌ಗೆ ಇಳಿಯುತ್ತದೆ. ಗುಂಯ್ ಮತ್ತಷ್ಟು ತಗ್ಗುತ್ತದೆ. ಚಿಕ್ಕ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ಮಂದ್ರ ಸೋರುವುದೂ ಕಡಿಮೆಯಾಗುತ್ತದೆ. ಜೋರು ದನಿಯಲ್ಲಿ ಅದರ ಕಬ್ಬಿಣ ತುಂಬಿಹೋಗುವುದನ್ನು ಮಾತ್ರ ಫೀಡ್‌ಬ್ಯಾಕ್ ತಡೆಯಲಾರದು, ಅದಕ್ಕೆ ದೊಡ್ಡ ಟ್ರಾನ್ಸ್‌ಫಾರ್ಮರೇ ಬೇಕು.

ಫೀಡ್‌ಬ್ಯಾಕ್‌ಗೆ ಒಂದೇ ಅಪಾಯ, ಕಿವಿಗೆ ಕೇಳದ ಮೇಲಿನ ಆವರ್ತನದಲ್ಲಿ ಆಂಪ್ಲಿಫೈಯರ್ ತಾನೇ ಕಂಪಿಸತೊಡಗುವುದು. ಆಸಿಲೊಸ್ಕೋಪ್ ಇರುವ ಗೆಳೆಯರಿದ್ದರೆ 10 ಕಿಲೊಹರ್ಟ್ಸ್ ಚೌಕ ಅಲೆ ಕೊಟ್ಟು ಮೂಲೆಗಳಲ್ಲಿ ನಡುಕವಿದೆಯೇ ನೋಡಿ. ಇಲ್ಲದಿದ್ದರೆ ಮೀಟರ್ ಸಾಕು: ಹಾಡು ಇಲ್ಲದಾಗ ಫೀಡ್‌ಬ್ಯಾಕ್ ತಂತಿ ಸೇರಿಸಿದರೆ, ಬಿಡಿಸಿದರೆ ಇಎಲ್84ರ ಕ್ಯಾಥೋಡ್ ವೋಲ್ಟೇಜ್ ಬದಲಾಗಬಾರದು. ಬದಲಾದರೆ ಕಂಪನವಿದೆ. ಆಗ 2.7 ಕಿಲೊಓಮ್‌ಗೆ ಅಡ್ಡಲಾಗಿ ಕೆಲವು ನೂರು ಪಿಕೊಫ್ಯಾರಡ್‌ನ ಚಿಕ್ಕ ಕೆಪಾಸಿಟರ್ ಹಾಕಿ ನೋಡಿ. ಇಎಲ್84ರ ಗ್ರಿಡ್ ಪಿನ್ನಿಗೆ ತಾಗಿದಂತೆಯೇ 4.7 ಕಿಲೊಓಮ್, ಸ್ಕ್ರೀನ್ ಪಿನ್ನಿಗೆ 100 ಓಮ್ ಬೆಸೆಯುವುದೂ ಸಹಾಯ ಮಾಡುತ್ತದೆ.

ಫೀಡ್‌ಬ್ಯಾಕ್ ಬೇಡವೇ ಬೇಡ ಎನ್ನುವ ಗೆಳೆಯರಿಗೆ ಇನ್ನೊಂದು ದಾರಿ ತೋರಿಸಿ. ಸ್ಕ್ರೀನ್ ಗ್ರಿಡ್ ಅನ್ನು ಎಚ್‌ಟಿಯಿಂದ ಬಿಡಿಸಿ, 100 ಓಮ್ ಮೂಲಕ ಆನೋಡ್‌ಗೆ ಸೇರಿಸಿದರೆ ಇಎಲ್84 ಟ್ರಯೋಡ್ ಆಗುತ್ತದೆ. ಒಳರೋಧ 2 ಕಿಲೊಓಮ್ ಹತ್ತಿರಕ್ಕೆ ಬರುತ್ತದೆ. ಕ್ಯಾಥೋಡ್ ರೆಸಿಸ್ಟರ್ 270 ಓಮ್ ಇರಲಿ. ದನಿ 2 ವ್ಯಾಟ್‌ಗೆ ಇಳಿಯುತ್ತದೆ. ಚಿಕ್ಕ ಕೋಣೆ, ತಡರಾತ್ರಿ, ಒಂದು ವಿಲಂಬಿತ ಖಯಾಲ್: ಅದಕ್ಕೆ ಇದು ಬಹಳ ಸುಂದರ. ತಬಲಾದ ಎಡಗೈ ಜೋರಾದರೆ ಸಾಲದು.

ದನಿಯ ಪ್ರಮಾಣದ ಮಾತು ಬಂದಿದ್ದರಿಂದ, ಸ್ಪೀಕರ್‌ನ ಹಿಂದೆ ಬರೆದಿರುವ ಡೆಸಿಬಲ್ ಅಂಕಿಯನ್ನು ನೋಡಿಕೊಳ್ಳಿ. 85 ಎಂದಿದ್ದರೆ ನಿಮ್ಮ ನಾಲ್ಕು ವ್ಯಾಟ್ ಬೇಗ ಮುಗಿದುಹೋಗುತ್ತದೆ, ತಾರದ ಒರಟುತನದಲ್ಲಿ ಅದರ ಪಾಲೂ ಇರಬಹುದು. 92 ಇರುವ ಸ್ಪೀಕರ್ ತಂದರೆ ಅದೇ ಆಂಪ್ಲಿಫೈಯರ್ 20 ವ್ಯಾಟ್‌ನದಾದಂತೆ ಕೇಳುತ್ತದೆ. ವಿದೇಶಿ ಕೆಪಾಸಿಟರ್‌ನ ಹಣ ಅಲ್ಲಿ ಸಾರ್ಥಕ.

ವಾಲ್ವ್‌ಗಳ ವಿಷಯ ಚಿಕ್ಕದು. ಬಯಸ್ ಸರಿಯಾಗುವವರೆಗೆ ಯಾವ ಹೊಸ ವಾಲ್ವ್ ಹಾಕಿದರೂ ಅದನ್ನು ಸುಡುತ್ತೀರಿ. ಸರಿಯಾದ ಮೇಲೆ ಈಗ ಸ್ಲೊವಾಕಿಯಾ, ರಷ್ಯಾಗಳಲ್ಲಿ ತಯಾರಾಗುವವು ಸಾಕು. ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಒಂದು ಕಾಲದಲ್ಲಿ ರೇಡಿಯೊ ವಾಲ್ವ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಮಾಡುತ್ತಿತ್ತು. ಚೋರ್ ಬಜಾರ್‌ನಲ್ಲಿ ಬಿಇಎಲ್ ಮುದ್ರೆಯ ಇಸಿಸಿ83 ಕಣ್ಣಿಗೆ ಬಿದ್ದರೆ ಬಿಡಬೇಡಿ. ನನ್ನ ಆಂಪ್ಲಿಫೈಯರ್‌ನಲ್ಲಿ ಇರುವುದು ಅದೇ. ನಮ್ಮೂರ ಕೈ ಮಾಡಿದ್ದು ಎಂಬ ಮಮತೆ ಅದರಲ್ಲಿ ಇದೆ ಎಂದು ಒಪ್ಪುತ್ತೇನೆ. ಆದರೆ ಮಾಟುಂಗಾದ ಮನೆಯಲ್ಲಿ ಅದು ಪ್ರತಿ ರಾತ್ರಿ ತಕರಾರಿಲ್ಲದೆ ದುಡಿಯುತ್ತಿದೆ ಎನ್ನುವುದೂ ನಿಜ.

ಈ ಊರಿನ ಮಳೆಗಾಲದ ಬಗ್ಗೆ ಹೇಳದಿದ್ದರೆ ಉತ್ತರ ಅಪೂರ್ಣ. ನನ್ನ ಮೊದಲ ಆಂಪ್ಲಿಫೈಯರ್ ಪ್ರತಿ ಜುಲೈಯಲ್ಲಿ ಚಟಪಟ ಎನ್ನುತ್ತಿತ್ತು, ಅಕ್ಟೋಬರ್‌ನಲ್ಲಿ ತಾನೇ ಗುಣವಾಗುತ್ತಿತ್ತು. ಎರಡು ಮಳೆಗಾಲ ವಾಲ್ವ್‌ಗಳನ್ನು ಬದಲಿಸಿದೆ. ಮೂರನೆಯದರಲ್ಲಿ ತಿಳಿಯಿತು, ದೋಷ ಕಂದುಬಣ್ಣದ ಅಗ್ಗದ ಸಾಕೆಟ್‌ಗಳದು. ಆ ವಸ್ತು ತೇವ ಹೀರಿಕೊಂಡು, ಆನೋಡ್ ಪಿನ್ನಿನಿಂದ ಪಕ್ಕದ ಪಿನ್ನುಗಳಿಗೆ ವಿದ್ಯುತ್ ಹರಿದಾಡುತ್ತಿತ್ತು. ಪಿಂಗಾಣಿ ಸಾಕೆಟ್ ಹಾಕಿದ ಮೇಲೆ ಆ ತೊಂದರೆ ಮರಳಲಿಲ್ಲ. ನಿಮ್ಮವು ಕಂದುಬಣ್ಣದವಾದರೆ ಹೇಗೂ ಬೆಸುಗೆ ಬಿಚ್ಚುವಾಗಲೇ ಬದಲಿಸಿಬಿಡಿ. ಇಎಲ್84ರ 1, 6, 8ನೆಯ ಪಿನ್ನುಗಳು ಖಾಲಿ ಎಂದು ಅಲ್ಲಿಗೆ ಬೇರೆ ತಂತಿಗಳನ್ನು ಬೆಸೆದಿದ್ದರೆ ತೆಗೆಯಿರಿ, ಅವು ಒಳಗೆ ಯಾವುದಕ್ಕಾದರೂ ಸೇರಿರಬಹುದು. ಹಳೆಯ ರೇಡಿಯೊದಿಂದ ಕಿತ್ತ ಕಾರ್ಬನ್ ರೆಸಿಸ್ಟರ್‌ಗಳಿದ್ದರೆ ಒಂದು ತುದಿ ಬಿಡಿಸಿ ಅಳೆಯಿರಿ. ತೇವದಿಂದ ಅವುಗಳ ಬೆಲೆ ಏರುತ್ತಾ ಹೋಗುತ್ತದೆ. ಇಸಿಸಿ83ರ ಆನೋಡ್‌ನ 100 ಕಿಲೊಓಮ್ ಜಾಗದಲ್ಲಿ 1 ವ್ಯಾಟ್ ಮೆಟಲ್ ಫಿಲ್ಮ್ ಹಾಕಿ, ಹಿನ್ನೆಲೆಯ ಸುಯ್ ಎನ್ನುವ ಸದ್ದೂ ತಗ್ಗುತ್ತದೆ. ಮಳೆಗಾಲದಲ್ಲಿ ಎರಡು ದಿನಕ್ಕೊಮ್ಮೆಯಾದರೂ ಅರ್ಧ ಗಂಟೆ ಹಚ್ಚಿಡಿ, ತನ್ನ ಬಿಸಿಗೇ ಒಣಗಿಕೊಳ್ಳುತ್ತದೆ.

ಎಲ್ಲವನ್ನೂ ಒಂದೇ ಭಾನುವಾರ ಮಾಡಬೇಡಿ. ಮೊದಲ ದಿನ 47 ಮೈಕ್ರೊಫ್ಯಾರಡ್ ಮುಂದಕ್ಕೆ, ಚೋಕ್ ಮತ್ತು 100 ಮೈಕ್ರೊಫ್ಯಾರಡ್ ಅದರಾಚೆ, ಹೀಟರ್‌ನ ಎರಡು ರೆಸಿಸ್ಟರ್. ಎಚ್‌ಟಿ ಇದರಿಂದ ಬದಲಾಗುತ್ತದೆ, ಆದ್ದರಿಂದ ಬಯಸ್‌ನ 220 ಓಮ್ ಅದರ ನಂತರ. ಆಮೇಲೆ ಒಂದು ವಾರ ಬಿಟ್ಟು, ಒಂದು ಚಾನೆಲ್‌ಗೆ ಮಾತ್ರ ಫೀಡ್‌ಬ್ಯಾಕ್ ಹಾಕಿ. ಎರಡೂ ಚಾನೆಲ್‌ಗೆ ಒಂದೇ ಹಾಡು ಕೊಟ್ಟು, ದನಿಯ ಎತ್ತರ ಸಮ ಮಾಡಿಕೊಂಡು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೇಳಿ. ಗೆಳೆಯರನ್ನೂ ಕರೆದು ಕೂರಿಸಿ, ಯಾವ ಬದಿಯಲ್ಲಿ ಫೀಡ್‌ಬ್ಯಾಕ್ ಇದೆ ಎಂದು ಹೇಳದೆ ಕೇಳಿಸಿ. 220 ಓಮ್ ಹಾಕಿದ ಮೇಲಿನ ಎರಡೂ ಕ್ಯಾಥೋಡ್ ವೋಲ್ಟೇಜ್‌ಗಳನ್ನು ಮತ್ತು ಎರಡನೆಯ ಪಿನ್ನಿನ ಡಿಸಿ ಅಂಕಿಯನ್ನು ನನಗೆ ಬರೆದು ಕಳುಹಿಸಿ; ಒಂದು ಚಾನೆಲ್ ಇನ್ನೊಂದಕ್ಕಿಂತ ಒಂದು ವೋಲ್ಟ್‌ಗಿಂತ ಹೆಚ್ಚು ಬೇರೆಯಾಗಿದ್ದರೆ ಫೀಡ್‌ಬ್ಯಾಕ್‌ಗೆ ಕೈ ಹಾಕದೆ ಅಲ್ಲೇ ನಿಲ್ಲಿಸಿ.